ಅಡಿಕೋಲಿನ ಏಟಿಗೆ ಹತ್ತು ಬೆರಳು

ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಆರೂಕಾಲು. ಸ್ಥಳ, ಮದ್ದೂರಿನಲ್ಲಿ ನಾನು ಬೆರಳಚ್ಚು ತರಗತಿ ನಡೆಸುವ ಮಹಡಿ ಕೋಣೆ. ಹಾಜರಿದ್ದವರು ನಾನು, ಶಿವಪುರದ ಇಬ್ಬರು ಕಾಲೇಜು ಹುಡುಗಿಯರು, ಮತ್ತು ಹಾಜರಿ ಪುಸ್ತಕದಲ್ಲಿ ಇನ್ನೂ ಹೆಸರು ಬರೆಸದ ಒಬ್ಬ ಹೆಂಗಸು.

ಅವಳು ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲ ಹತ್ತಿರ ನಿಂತಿದ್ದಳು. ವಯಸ್ಸು ನಲವತ್ತರ ಸಮೀಪ. ಚಿಕ್ಕರಸಿನಕೆರೆಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಅದಕ್ಕೂ ಮೊದಲು ಎದ್ದು ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸಿ ಹಾಕಿ ಬಂದಿದ್ದಳು ಎಂಬುದು ಅವಳ ಬೆರಳ ತುದಿಗಳ ಹಸಿರಿನಿಂದಲೇ ತಿಳಿಯುತ್ತಿತ್ತು. ನಾನು ಮೊದಲು ಹೇಳಿದ ಮಾತು ಕೈ ತೊಳೆದು ಬಾ ಎಂದು. ಅದು ನನ್ನ ತರಗತಿಯ ಮೊದಲ ನಿಯಮ. ಎರಡನೆಯದು ಉಗುರು ಕತ್ತರಿಸಿರಬೇಕು. ಮೂರನೆಯದು ಆರು ಇಪ್ಪತ್ತಕ್ಕೆ ಬಾಗಿಲ ಚಿಲಕ ಬೀಳುತ್ತದೆ, ಆಮೇಲೆ ಬಂದವರು ಹಿಂದಿರುಗಬೇಕು. ಇಂಥ ಹನ್ನೆರಡು ನಿಯಮಗಳನ್ನು ಹಲಗೆಯ ಮೇಲೆ ಬರೆದು ಗೋಡೆಗೆ ತೂಗುಹಾಕಿದ್ದೇನೆ.

ಅವಳ ವಿಷಯ ಅವಳೇ ಹೇಳಿದಳು. ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಪತ್ರ ಬರಹಗಾರರೊಬ್ಬರ ಅಂಗಡಿ. ಅವರು ಅವಳಿಗೆ ವರಸೆಯಲ್ಲಿ ಸೋದರಮಾವ. ಅಲ್ಲಿ ಒಂಬತ್ತು ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಕಂಪ್ಯೂಟರಿನಲ್ಲಿ ಹೊಡೆಯುತ್ತಿದ್ದಳು. ಹಿಂದಿನ ಸಲ ಒಂದು ಸರ್ಕಾರಿ ಕಚೇರಿಯ ಬೆರಳಚ್ಚುಗಾರರ ಹುದ್ದೆಗೆ ಪರೀಕ್ಷೆ ಕೊಟ್ಟು, ಪಾಠದಲ್ಲಿ ಒಂದು ಪೂರಾ ಸಾಲು ಬಿಟ್ಟುಹೋಗಿ ನಪಾಸಾಗಿದ್ದಳು. ಈಗ ಮತ್ತೆ ಕರೆದಿದ್ದರು. ಪರೀಕ್ಷೆ ಸೆಪ್ಟೆಂಬರಿನಲ್ಲಿ. ಇನ್ನೊಮ್ಮೆ ಕರೆಯುವ ಹೊತ್ತಿಗೆ ಅವಳಿಗೆ ವಯಸ್ಸು ಮೀರಿರುತ್ತದೆ. ಆದ್ದರಿಂದ ಇದೇ ಕೊನೆಯದು.

“ಎಷ್ಟು ಬೆರಳಲ್ಲಿ ಹೊಡೀತೀಯಮ್ಮ?” ಎಂದು ಕೇಳಿದೆ.

“ನಾಕ್ರಲ್ಲಿ ಮೇಡಂ. ಅರ್ಜೆಂಟಾದ್ರೆ ಎಲ್ಡ್ರಲ್ಲಿ.”

ಹುಡುಗಿಯರು ನಕ್ಕರು. ನಾನು ನಗಲಿಲ್ಲ. ಒಂದು ಹಾಳೆ ಕೊಟ್ಟು, ಗಡಿಯಾರ ಹಿಡಿದು, ನಿನಗೆ ಬರುವ ಹಾಗೆಯೇ ಹೊಡಿ ಎಂದೆ. ನಿಮಿಷಕ್ಕೆ ಇಪ್ಪತ್ತನಾಲ್ಕು ಪದ ಬಂತು. ನಾಲ್ಕು ಬೆರಳಿಗೆ ಅದು ಹೆಚ್ಚೇ. ‘ಚಕ್ಕುಬಂದಿ’, ‘ಪೂರ್ವಕ್ಕೆ’, ‘ದಕ್ಷಿಣಕ್ಕೆ’ ಇಂಥ ಪದಗಳನ್ನು ಕೊಟ್ಟಾಗ ಅವಳ ಕೈ ಕಣ್ಣಿಗೇ ಕಾಣದಷ್ಟು ಬೇಗ ಓಡಿತು. ಒಂಬತ್ತು ವರ್ಷ ಜಮೀನಿನ ಎಲ್ಲೆ ಬರೆದ ಕೈ ಅದು. ಆದರೆ ಹೊಸ ಪದ ಬಂದಾಗ ಕಣ್ಣು ಕೀಲಿಮಣೆಗೆ ಇಳಿಯುತ್ತಿತ್ತು, ಮತ್ತೆ ಹಾಳೆಗೆ ಏರುತ್ತಿತ್ತು. ಒಂದು ನಿಮಿಷದಲ್ಲಿ ನಲವತ್ತು ಸಲ ಹೀಗೆ ಇಳಿದು ಏರಿತು. ಕಳೆದ ಸಲ ಸಾಲು ಬಿಟ್ಟುಹೋದದ್ದು ಇದರಿಂದಲೇ ಎಂದು ತೋರಿಸಿಕೊಟ್ಟೆ. ಅವಳು ಒಪ್ಪಿದಳು.

ನಾನು ಅವಳಿಗೆ ಕೊಟ್ಟ ಈ ಸಲಹೆ ತಪ್ಪಲ್ಲ. ಇಂದಿಗೂ ಅದು ಸರಿಯೆಂದೇ ಹೇಳುತ್ತೇನೆ. ಕಣ್ಣು ಹಾಳೆಯ ಮೇಲೆ, ಹತ್ತು ಬೆರಳು ಕೀಲಿಯ ಮೇಲೆ. ತಪ್ಪಾದದ್ದು ಆಮೇಲೆ.

ನನ್ನ ಬಳಿ ನಾಲ್ಕು ಕಂಪ್ಯೂಟರುಗಳಿವೆ. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಎರಡು ಹಳೆಯ ಟೈಪ್‌ರೈಟರುಗಳಿವೆ. ಅವುಗಳ ಮೇಲೆ ಈಗ ಯಾರೂ ಕಲಿಯುವುದಿಲ್ಲ, ಆದರೂ ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ. ಕಲಿಸುವ ಕ್ರಮ ಮಾತ್ರ ಅವುಗಳ ಕಾಲದ್ದೇ. ಎಡಗೈಯ ನಾಲ್ಕು ಬೆರಳು ಅ, ಸ, ದ ಮತ್ತು ಒತ್ತಿನ ಕೀಲಿಯ ಮೇಲೆ. ಬಲಗೈಯವು ಜ, ಕ, ಲ ಮತ್ತು ಅದರ ಪಕ್ಕದ ಕೀಲಿಯ ಮೇಲೆ. ಎರಡು ತೋರುಬೆರಳುಗಳು ಒಳಕ್ಕೆ ಚಾಚಿದರೆ ಗ ಮತ್ತು ಹ. ಇದು ಬೆರಳುಗಳ ಮನೆ. ಎಲ್ಲಿಗೆ ಹೋದರೂ ಇಲ್ಲಿಗೆ ಹಿಂದಿರುಗಬೇಕು. ಮೊದಲ ವಾರ ಈ ಸಾಲಿನ ಆಚೆ ಹೋಗುವಂತಿಲ್ಲ. ಅಗಲ, ಸಕಲ, ಕಲಹ. ಅಕ್ಕ, ಅಜ್ಜ, ಹಗ್ಗ. ಇಷ್ಟೇ ಪದಗಳು, ದಿನಕ್ಕೆ ಆರು ಪುಟ.

ಕೈ ಕಾಣಬಾರದೆಂದು ಹಳೆಯ ಲಂಗದ ಬಟ್ಟೆಯಲ್ಲಿ ಮುಸುಕು ಹೊಲಿದಿಟ್ಟಿದ್ದೇನೆ. ಕೀಲಿಮಣೆಯ ಮೇಲೆ ಅದನ್ನು ಹೊದಿಸಿ, ಎರಡು ತೂತುಗಳಲ್ಲಿ ಕೈ ತೂರಿಸಬೇಕು. ಅವಳು ಅದನ್ನು ನೋಡಿ, “ಎಮ್ಮೆ ಕಣ್ ಕಟ್ಟಿ ಗಾಣಕ್ಕೆ ಕಟ್ದಂಗಾಯ್ತಲ್ಲ ಮೇಡಂ” ಅಂದಳು. ಕಣ್ಣು ಕಟ್ಟುವುದು ಎಮ್ಮೆಗಲ್ಲ, ಎತ್ತಿಗೆ ಎಂದು ನಾನು ತಿದ್ದಿದೆ.

ಇನ್ನು ಅಡಿಕೋಲು. ಮಳವಳ್ಳಿಯಲ್ಲಿ ನನಗೆ ಕಲಿಸಿದ ಗುರುಗಳು ಮರದ ಅಡಿಕೋಲಿನಿಂದ ಮೇಜು ತಟ್ಟುತ್ತಿದ್ದರು. ಒಂದು ಏಟಿಗೆ ಒಂದು ಕೀಲಿ, ಮುಂಚೆಯೂ ಅಲ್ಲ, ತಡವೂ ಅಲ್ಲ. ಟೈಪ್‌ರೈಟರಿನಲ್ಲಿ ಅದಕ್ಕೆ ಕಾರಣವಿತ್ತು. ಎರಡು ಕೀಲಿ ಒಟ್ಟಿಗೆ ಬಿದ್ದರೆ ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಕೈ ಮಸಿ ಮಾಡಿಕೊಂಡು ಬಿಡಿಸಬೇಕಿತ್ತು. ಸಮನಾದ ತಾಳವಿದ್ದರೆ ಯಂತ್ರ ಸಿಕ್ಕಿಕೊಳ್ಳುವುದಿಲ್ಲ. ಗುರುಗಳು ತೀರಿಕೊಂಡಾಗ ಅವರ ಮನೆಯವರು ಆ ಕೋಲನ್ನು ನನಗೆ ಕೊಟ್ಟರು. ಅದೇ ಕೋಲಿನಿಂದ ನಾನೂ ತಟ್ಟುತ್ತೇನೆ.

ನಾನು ಅದಕ್ಕೆ ಒಂದು ಸುಧಾರಣೆಯನ್ನೂ ಸೇರಿಸಿದ್ದೆ. ಕಂಪ್ಯೂಟರಿನಲ್ಲಿ ಒತ್ತಕ್ಷರ ಬರಬೇಕಾದರೆ ಮೊದಲು ವ್ಯಂಜನ, ಆಮೇಲೆ ಎಡ ತೋರುಬೆರಳಿನ ಒತ್ತಿನ ಕೀಲಿ, ಆಮೇಲೆ ಇನ್ನೊಂದು ವ್ಯಂಜನ. ಹೊಸಬರು ತಪ್ಪುವುದು ಇಲ್ಲಿಯೇ. ಹಾಗಾಗಿ ಒತ್ತಿನ ಕೀಲಿಯ ಏಟನ್ನು ಮೇಜಿನ ನಡುವೆ ಹೊಡೆಯದೆ ಅಂಚಿನ ತಗಡಿನ ಪಟ್ಟಿಗೆ ಹೊಡೆಯುತ್ತಿದ್ದೆ. ಅದರ ಸದ್ದು ಬೇರೆ. ಆ ಸದ್ದಿಗೆ ಎಡ ತೋರುಬೆರಳು ತಾನಾಗಿ ಇಳಿಯುತ್ತಿತ್ತು. ಈ ಉಪಾಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ಮೊದಲ ಮೂರು ವಾರ ಅವಳಿಗೆ ಕಷ್ಟವಾಯಿತು. ಇಪ್ಪತ್ತನಾಲ್ಕು ಪದದ ವೇಗ ಎಂಟಕ್ಕೆ ಇಳಿಯಿತು. ಕಿರುಬೆರಳುಗಳಿಗೆ ಬಲವಿರಲಿಲ್ಲ. ಅ ಒತ್ತಲು ಹೋಗಿ ಇಡೀ ಮಣಿಕಟ್ಟನ್ನೇ ವಾಲಿಸುತ್ತಿದ್ದಳು. ಒಂದು ದಿನ ಸೊಪ್ಪು ಕತ್ತರಿಸುವಾಗ ಉಂಗುರದ ಬೆರಳು ಕೊಯ್ದುಕೊಂಡು ಬಟ್ಟೆ ಸುತ್ತಿ ಬಂದಳು. ಬೆರಳು ಬದಲಿಸಬಾರದು, ಬಟ್ಟೆ ಸಮೇತ ಅದೇ ಬೆರಳಿನಲ್ಲಿ ಹೊಡಿ ಎಂದೆ. ಹೊಡೆದಳು. ಕರೆಂಟು ಹೋದ ದಿನಗಳಲ್ಲಿ ಕೀಲಿಮಣೆ ಹಾಗೇ ಇಟ್ಟುಕೊಂಡು, ಪರದೆ ಇಲ್ಲದೆ, ಏಟಿಗೆ ಸರಿಯಾಗಿ ಬರಿಯ ಬೆರಳಾಡಿಸಬೇಕಿತ್ತು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಬಸ್ಸು ತಡವಾದ ಒಂದು ಬೆಳಿಗ್ಗೆ ಆರು ಇಪ್ಪತ್ತೊಂದಕ್ಕೆ ಬಂದು, ಚಿಲಕ ಬಿದ್ದದ್ದು ನೋಡಿ, ಮೆಟ್ಟಿಲ ಮೇಲೆ ಕೂತು ಮಂಡಿಯ ಮೇಲೆ ಬೆರಳಾಡಿಸುತ್ತಿದ್ದಳೆಂದು ಆಮೇಲೆ ಕೆಳಗಿನ ಅಂಗಡಿಯವರು ಹೇಳಿದರು. ಒಳಗಿನಿಂದ ಅವಳಿಗೆ ಕೋಲಿನ ಸದ್ದು ಕೇಳಿಸುತ್ತಿತ್ತಂತೆ.

ನಾಲ್ಕನೆಯ ವಾರ ಒಂದು ಅಡಚಣೆ ಕಂಡಿತು. ಸೋಮವಾರದ ಹಾಳೆಗಿಂತ ಶನಿವಾರದ ಹಾಳೆ ಕೆಟ್ಟಿರುತ್ತಿತ್ತು. ವಿಚಾರಿಸಿದರೆ, ಬೆಳಿಗ್ಗೆ ಇಲ್ಲಿ ಹತ್ತು ಬೆರಳು, ಹತ್ತು ಗಂಟೆಗೆ ಅಂಗಡಿಗೆ ಹೋದ ಮೇಲೆ ಅದೇ ನಾಲ್ಕು ಬೆರಳು. ಬೆಳಿಗ್ಗೆ ಕಟ್ಟಿದ್ದನ್ನು ಸಂಜೆಯೊಳಗೆ ಬಿಚ್ಚಿಕೊಂಡು ಬರುತ್ತಿದ್ದಳು. ಎರಡರಲ್ಲಿ ಒಂದನ್ನು ಬಿಡಬೇಕೆಂದು ಹೇಳಿದೆ. ಅವಳು ಹಳೆಯದನ್ನು ಬಿಟ್ಟಳು. ಅಂಗಡಿಯಲ್ಲೂ ಹತ್ತು ಬೆರಳಿನಲ್ಲೇ ತಡವರಿಸಿಕೊಂಡು ಹೊಡೆಯತೊಡಗಿದಳು.

ನಾಲ್ಕು ದಿನಕ್ಕೆ ಪತ್ರ ಬರಹಗಾರರೇ ಮೆಟ್ಟಿಲು ಹತ್ತಿ ಬಂದರು. ಕಿವಿಯ ಸಂದಿಯಲ್ಲಿ ಪೆನ್ನು, ಕಂಕುಳಲ್ಲಿ ಛಾಪಾ ಕಾಗದದ ಚೀಲ. ಚಪ್ಪಲಿ ಹೊರಗೆ ಬಿಡಿ ಎಂದೆ. ಬಿಟ್ಟರು.

“ಏನ್ ಮಾಡಿದ್ದೀರಿ ಮೇಡಮ್ಮೋರೆ ಅವಳ ಕೈಗೆ? ಒಂದ್ ಕ್ರಯಪತ್ರಕ್ಕೆ ಮುಕ್ಕಾಲು ಗಂಟೆ ತಗೋತಾವ್ಳೆ. ಪಾರ್ಟಿಯೋರು ಎದ್ದು ಪಕ್ಕದಂಗ್ಡಿಗೆ ಓಯ್ತಾವ್ರೆ.”

ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಕೀಲಿಮಣೆಯನ್ನೇ ಕೊಡಬೇಡಿ, ಬೇರೆ ಕೆಲಸ ಕೊಡಿ ಎಂದು ನಾನು ಹೇಳಿದೆ.

“ಓಟ್ಲು ಭಟ್ಟಂಗೆ ಒಲೆ ಮುಟ್ಬ್ಯಾಡ ಅಂದಂಗಾಯ್ತು. ಪರೀಕ್ಸೆ ಮುಗಿಯಗಂಟ ಅಂದ್ರೆ ಎಷ್ಟ್ ದಿನ?”

ದಿನ ಲೆಕ್ಕ ಹಾಕಿ ಹೇಳಿದೆ. ಅವರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ನಿಯಮಗಳನ್ನು ಓದುತ್ತ ನಿಂತರು. ಒಳ್ಳೆಯ ಮನುಷ್ಯ. ಆ ಹುದ್ದೆ ಅವಳಿಗೆ ಸಿಗಲಿ ಎಂದು ಅವರಿಗೂ ಆಸೆಯಿತ್ತು. ತಮ್ಮ ಮೊಳಕಾಲ ನೋವು ಹೆಚ್ಚಾಗಿ ಅಂಗಡಿ ಮುಚ್ಚಿದರೆ ಅವಳ ಗತಿಯೇನು ಎಂಬ ಚಿಂತೆ ಅವರದು.

“ಆಯ್ತು, ನಾನೇ ಒಂದ್ ಬೆಳ್ಳಲ್ಲಿ ಕುಟ್ಕೋತೀನಿ. ಆದ್ರೆ ಒಂದ್ ಮಾತು. ಪಾಸಾಗ್ಲಿಲ್ಲ ಅಂದ್ರೆ ಅವಳ್ಗೆ ಆ ಕೈನೂ ಇಲ್ಲ, ಈ ಕೈನೂ ಇಲ್ಲ. ಇದ್ನ ಬರ್ಕೊಂಡಿರಿ.”

ಪಾಸಾಗುತ್ತಾಳೆ ಎಂದೆ. ಏನನ್ನೂ ಬರೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು. ಎಂಟನೆಯ ವಾರಕ್ಕೆ ಇಪ್ಪತ್ತು ಪದ. ಮೇಲಿನ ಸಾಲು, ಕೆಳಗಿನ ಸಾಲು, ಅಂಕಿಗಳು, ದೀರ್ಘದ ಕೀಲಿಗಳು ಮುಗಿದವು. ಮುಸುಕು ತೆಗೆದರೂ ಕಣ್ಣು ಕೆಳಗೆ ಇಳಿಯುತ್ತಿರಲಿಲ್ಲ. ನಾನು ಪಾಠದ ಹಾಳೆಯ ಇನ್ನೊಂದು ಪ್ರತಿ ಹಿಡಿದು ಅವಳ ಎಡಗಡೆ ನಿಂತು ತಟ್ಟುತ್ತಿದ್ದೆ. ವೇಗ ಹೆಚ್ಚಿದಂತೆ ಕೀಲಿಗೊಂದು ಏಟಿನ ಬದಲು ಅಕ್ಷರಕ್ಕೊಂದು ಏಟು ಮಾಡಿದೆ. ಅಂಚಿನ ಏಟನ್ನು ಮಾತ್ರ ಒಂದು ಒತ್ತಕ್ಷರಕ್ಕೂ ತಪ್ಪಿಸಲಿಲ್ಲ. ಹುಡುಗಿಯರು ಕಿವಿಗೆ ಹತ್ತಿ ಇಟ್ಟುಕೊಂಡು ತಮ್ಮ ಪಾಠ ಮಾಡಿಕೊಳ್ಳುತ್ತಿದ್ದರು. ಹನ್ನೊಂದನೆಯ ವಾರದ ಬುಧವಾರ ಅವಳಿಗೆ ಮೂವತ್ತೊಂದು ಪದ ಬಂತು, ಎರಡೇ ತಪ್ಪು. ಪರೀಕ್ಷೆಗೆ ಅಷ್ಟು ಸಾಕಾಗಿ ಮಿಗುತ್ತಿತ್ತು. ಆ ಹಾಳೆಯನ್ನು ನಾನು ಮನೆಗೆ ಒಯ್ದು ಇನ್ನೊಮ್ಮೆ ನೋಡಿದೆ.

ಮರುದಿನ ಮಳವಳ್ಳಿಯಲ್ಲಿ ನನ್ನ ತಂಗಿಗೆ ಕಣ್ಣಿನ ಆಪರೇಷನ್. ಹೋಗಲೇಬೇಕಿತ್ತು. ಹುಡುಗಿಯರಲ್ಲಿ ಹಿರಿಯಳಿಗೆ ಬೀಗದ ಕೈ ಕೊಟ್ಟು, ಪಾಠ ಗುರುತು ಮಾಡಿ, ಗಡಿಯಾರ ನೋಡಿ ಹಾಳೆ ತೆಗೆದಿಡು ಎಂದು ಹೇಳಿ ಹೋದೆ. ಕೋಲು ನನ್ನ ಬೀರುವಿನಲ್ಲಿತ್ತು.

ಶುಕ್ರವಾರ ಬಂದು ನೋಡಿದರೆ ಅವಳ ಹಾಳೆಯಲ್ಲಿ ಹತ್ತೊಂಬತ್ತು ಪದ, ಮೂವತ್ತನಾಲ್ಕು ತಪ್ಪು. ಹಿಂದಿನ ದಿನ ಎರಡು ತಪ್ಪು ಮಾಡಿದವಳು. ಮೂವತ್ತನಾಲ್ಕಕ್ಕೂ ಕೆಂಪು ಮಸಿಯಲ್ಲಿ ಸುತ್ತು ಹಾಕಿದೆ. ಹಾಳೆಯ ಮೇಲೆ, ಬಲಗಡೆ, ‘ಅಲಕ್ಷ್ಯ’ ಎಂದು ಬರೆದು ಸಹಿ ಮಾಡಿ ಅವಳ ಮುಂದೆ ಇಟ್ಟೆ. ಟೀಚರಿಲ್ಲದ ದಿನ ಶಿಸ್ತು ಇರುವುದಿಲ್ಲ ಎಂಬುದು ನಾನು ಬಹಳ ಜನರಲ್ಲಿ ನೋಡಿದ್ದೆ. ಇವಳೂ ಹಾಗೆಯೇ ಎಂದುಕೊಂಡೆ.

ಅವಳು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆ ಪದ ಅವಳಿಗೆ ನೋವು ಮಾಡಿತೆಂದು ಕಾಣುತ್ತಿತ್ತು. ಅವಳು ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

“ಮೇಡಂ, ಒಂದ್ ಮಾತು ಏಳ್ಲಾ? ನೀವು ಕೋಲು ತಟ್ಟಿಲ್ಲ ಅಂದ್ರೆ ನನ್ ಬೆಳ್ಳು ಎಲ್ಲಿಗ್ ಓಗ್ಬೇಕು ಅಂತ್ಲೇ ಗೊತ್ತಾಗಾಕಿಲ್ಲ. ಅಲ್ಲಿ ಪರೀಕ್ಸೇಲಿ ನೀವಿರಕಿಲ್ವಲ್ಲ. ಇವತ್ನಿಂದ ತಟ್ಟದೆ ಸುಮ್ಕೆ ಕೂತ್ಕಳಿ. ನಾನು ಎಡವ್ತೀನಿ, ಎಡವಿ ಎಡವಿ ಬತ್ತೀನಿ.”

ಗೋಡೆಯ ಕ್ಯಾಲೆಂಡರು ನೋಡಿದೆ. ಪರೀಕ್ಷೆಗೆ ಇಪ್ಪತ್ತೆರಡು ದಿನ ಉಳಿದಿತ್ತು.

ನನ್ನ ಕ್ರಮದಲ್ಲಿ ಕೋಲು ನಿಲ್ಲುವುದು ಏಳನೆಯ ತಿಂಗಳಲ್ಲಿ. ಆರು ತಿಂಗಳು ತಾಳ, ಆಮೇಲೆ ದಿನಕ್ಕೆ ಒಂದು ಪುಟದಂತೆ ತಾಳವಿಲ್ಲದೆ. ಗುರುಗಳು ಹಾಗೆ ಮಾಡುತ್ತಿದ್ದರು, ನಾನೂ ಹಾಗೆ ಮಾಡಿಕೊಂಡು ಬಂದಿದ್ದೆ. ಒಂಬತ್ತನೆಯ ನಿಯಮ ಅದೇ. ಇವಳಿಗೆ ಒಂದು ವರ್ಷದ ಪಾಠವನ್ನು ಹದಿನಾಲ್ಕು ವಾರಕ್ಕೆ ಇಳಿಸಿದ್ದೆ. ಪುಟಗಳನ್ನು ಕಡಿಮೆ ಮಾಡಿದ್ದೆ, ವಾರಗಳನ್ನು ಒತ್ತಿದ್ದೆ. ಆದರೆ ಏಳನೆಯ ತಿಂಗಳಿಗೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಅವಳ ಪಾಲಿಗೆ ಏಳನೆಯ ತಿಂಗಳೇ ಇರಲಿಲ್ಲ.

ಇಷ್ಟನ್ನು ಈಗ ಬರೆಯುವುದು ಸುಲಭ. ಆ ದಿನ ನಾನು ಹೇಳಿದ್ದು ಬೇರೆ.

“ಅದು ಏಳನೇ ತಿಂಗಳ ಪಾಠ ಕಣಮ್ಮ. ಪರೀಕ್ಷೆ ಹತ್ತಿರ ಇರೋವಾಗ ಯಾರೂ ಕ್ರಮ ಬದಲಾಯಿಸಬಾರದು. ಕೂತ್ಕೋ.”

ಅವಳು ಕೂತಳು. ಬೀರು ತೆಗೆದು ಕೋಲು ಹೊರಗೆ ತಂದೆ. ಆ ದಿನ ಮೂವತ್ತು ಪದ, ಮೂರು ತಪ್ಪು. ನೋಡಿದೆಯಾ ಎಂದೆ. ಹೂಂ ಮೇಡಂ ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಕೊನೆಯ ವಾರ ಮೂವತ್ಮೂರಕ್ಕೆ ಬಂದಳು.

ಪರೀಕ್ಷೆ ಮಂಡ್ಯದಲ್ಲಿ. ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಂಬಿಯ ಮೇಲೆ ಬೆರಳಿಟ್ಟು ಅಂಗಡಿ ಬೋರ್ಡುಗಳನ್ನು ಓದುತ್ತ ಹೊಡೆಯುತ್ತಿದ್ದಳು. ಹೊಳಲಿಗೆ ಹೋಗುವ ಒಬ್ಬ ಅಜ್ಜಿ ಅದನ್ನು ನೋಡಿ, ಏನಮ್ಮ ಜಪ ಮಾಡ್ತಿದ್ದೀಯಾ ಎಂದು ಕೇಳಿದರು. ಊ ಕಣಜ್ಜಿ, ಇವತ್ತೊಂದಿನ ಎಂದು ಇವಳು ನಕ್ಕಳು. ಅವಳು ಅಷ್ಟು ಹಗುರವಾಗಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಗೇಟಿನಲ್ಲಿ ಚೀಟಿ ತೋರಿಸಿ ಒಳಗೆ ಹೋದಳು. ನಾನು ಎದುರಿನ ಹೊಂಗೆ ಮರದ ಕಟ್ಟೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಗಂಟೆ ಹೊಡೆಯಿತು. ಮಹಡಿಯ ಕಿಟಕಿಗಳಿಂದ ಕೀಲಿಗಳ ಸದ್ದು ಶುರುವಾಯಿತು. ಐವತ್ತು ಅರವತ್ತು ಜನರ ಕೈ, ಒಬ್ಬೊಬ್ಬರದು ಒಂದೊಂದು ವೇಗ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತೆ ಇತ್ತು. ಅದರಲ್ಲಿ ತಾಳವೆಂಬುದೇ ಇರಲಿಲ್ಲ. ನನ್ನ ಬಲಗೈ ಸುಮ್ಮನೆ ಕಟ್ಟೆಯ ಕಲ್ಲಿನ ಮೇಲೆ ತಟ್ಟುತ್ತಿತ್ತು. ಆಗಲೇ ನನಗೆ ಏನೋ ತಪ್ಪಿದೆ ಅನ್ನಿಸಿತು. ನಾನು ಆ ಕಟ್ಟೆಯ ಮೇಲೆ ಎಷ್ಟು ತಟ್ಟಿದರೂ ಅವಳಿಗೆ ಕೇಳುವುದಿಲ್ಲ.

ಹತ್ತು ನಿಮಿಷಕ್ಕೆ ಸದ್ದು ನಿಂತಿತು. ಅವಳು ಹೊರಗೆ ಬಂದಾಗ ಮುಖ ನೋಡಿಯೇ ತಿಳಿಯಿತು. ಅವಳೇ ಹೇಳಿದಳು.

“ಮೊದ್ಲು ಮೂರ್ ಸಾಲು ನಿಮ್ ಕೋಲು ಕಿವೀಲೇ ಇತ್ತು ಮೇಡಂ. ಆಮೇಲೆ ಪಕ್ಕದೋಳು ಟಕಟಕಟಕ ಅಂದ್ಳು. ನನ್ ಬೆಳ್ಳು ಅವಳ ಇಂದೆ ಓಡ್ತು. ಇಡ್ಕಬೇಕು ಅಂತ ನಿಲ್ಸ್ದೆ. ನಿಂತೇಬುಡ್ತು. ಕೆಳಕ್ ನೋಡಿ ಹಳೇ ತರ ನಾಕ್ ಬೆಳ್ಳಲ್ಲಿ ಒಡ್ಯಾನ ಅಂದ್ರೆ ಅದೂ ಬರ್ನಿಲ್ಲ. ಕೀಲಿ ಎಲ್ಲವೆ ಅಂತ ಮರ್ತೇ ಓಗದೆ.”

ಪತ್ರ ಬರಹಗಾರರ ಮಾತು ನೆನಪಾಯಿತು. ನಾನು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಫಲಿತಾಂಶ ಬರಲಿ ಎಂದಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಎರಡು ಸೌತೆಕಾಯಿ ಕೊಂಡು ಒಂದನ್ನು ನನಗೆ ಕೊಟ್ಟಳು. ಬೆಳಗಿನಿಂದ ನಾನು ಏನೂ ತಿಂದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮದ್ದೂರಿನವರೆಗೆ ಬಸ್ಸಿನಲ್ಲಿ ಅವಳ ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

ಫಲಿತಾಂಶದ ಪಟ್ಟಿಯಲ್ಲಿ ಅವಳ ಸಂಖ್ಯೆ ಇರಲಿಲ್ಲ. ಅದನ್ನು ನನಗೆ ತಿಳಿಸಲು ಅವಳೇ ಬಂದಳು. ಬೆಳಿಗ್ಗೆ ಆರೂಕಾಲಕ್ಕೇ ಬಂದಳು. ಹೊಸ್ತಿಲ ಹೊರಗೆ ನಿಂತು ಹೇಳಿ, ಅಂಗಡೀಲಿ ಕೆಲ್ಸ ಅದೆ, ಬತ್ತೀನಿ ಮೇಡಂ ಎಂದು ಹೋದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದೆ. ಆಮೇಲೆ ತಾಲ್ಲೂಕು ಕಚೇರಿಯ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟೆ. ತರಕಾರಿಗೆ ಹೋಗಲು ಅದು ಹತ್ತಿರದ ದಾರಿ. ಆದರೂ ಸುತ್ತಿ ಹೋಗುತ್ತಿದ್ದೆ.

ಡಿಸೆಂಬರಿನಲ್ಲಿ ಹೋಗಲೇಬೇಕಾಯಿತು. ನನ್ನ ಮಹಡಿ ಕೋಣೆಯ ಬಾಡಿಗೆ ಕರಾರು ಮುಗಿಯುತ್ತಿತ್ತು. ಹೊಸ ಕರಾರನ್ನು ಅದೇ ಅಂಗಡಿಯಲ್ಲಿ ಮಾಡಿಸೋಣ, ಅಲ್ಲಿ ಬೇಗ ಆಗುತ್ತದೆ ಎಂದು ಮಾಲೀಕರು ಹೇಳಿದರು. ಬೇರೆ ಅಂಗಡಿ ಎನ್ನಲು ನನ್ನ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಹೋದೆವು.

ಅಂಗಡಿ ಎಂದರೆ ರಸ್ತೆಗೆ ತೆರೆದ ಒಂದು ಗೂಡು. ಎದುರಿಗೆ ಆಟೋಗಳ ಸಾಲು, ಪಕ್ಕದಲ್ಲಿ ಜೆರಾಕ್ಸ್ ಯಂತ್ರ, ಬೆಂಚಿನ ಮೇಲೆ ಅಣ್ಣತಮ್ಮಂದಿರಿಬ್ಬರು ಒಂದು ತೆಂಗಿನ ಮರ ಯಾರ ಭಾಗಕ್ಕೆ ಎಂದು ಜಗಳವಾಡುತ್ತಿದ್ದರು. ಅವಳು ಅವರ ವಿಭಾಗಪತ್ರ ಹೊಡೆಯುತ್ತಿದ್ದಳು. ಬೆನ್ನು ನೆಟ್ಟಗೆ, ಮೊಣಕೈ ಪಕ್ಕೆಗೆ, ಮಣಿಕಟ್ಟು ಸಮ. ಕಣ್ಣು ಕರಡಿನ ಮೇಲೆ. ಹತ್ತು ಬೆರಳೂ ಓಡುತ್ತಿದ್ದವು. ನಡುವೆ ತಿರುಗಿ, “ಮರ ಅತ್ಲಾಗಿರ್ಲಿ, ಬಾವಿ ಯಾರ್ಗೆ ಅಂತ ಏಳ್ರಣ್ಣ ಮೊದ್ಲು” ಎಂದು ಕೇಳಿದಳು. ಕೇಳುತ್ತಿದ್ದಾಗಲೂ ಕೈ ನಿಲ್ಲಲಿಲ್ಲ. ಆಟೋ ಹಾರ್ನು, ಜಗಳ, ಯಂತ್ರದ ಸದ್ದು ಯಾವುದಕ್ಕೂ ಅವಳ ಬೆರಳು ಓಗೊಡುತ್ತಿರಲಿಲ್ಲ. ನನಗೆ ಗಡಿಯಾರ ನೋಡುವ ಅಭ್ಯಾಸ ಬಿಡದು. ನೋಡಿದೆ. ನಿಮಿಷಕ್ಕೆ ಮೂವತ್ತೈದು ಪದದ ಮೇಲಿತ್ತು.

ನನ್ನನ್ನು ನೋಡಿ ಎದ್ದು ನಿಂತಳು. ಕೂತ್ಕೋಮ್ಮ ಎಂದೆ. ಪತ್ರ ಬರಹಗಾರರು ಹಂಗಿಸುತ್ತಾರೆಂದು ಕಾದಿದ್ದೆ. ಅವರು ಬೆಂಚಿನ ಮೇಲೆ ಜಾಗ ಮಾಡಿಸಿ ಚಹಾ ತರಿಸಿದರು. ಅದಾದ ಮೇಲೆ ಒಂದೇ ಮಾತು ಹೇಳಿದರು.

“ಈಗ ನೋಡಿ ಮೇಡಮ್ಮೋರೆ. ಪರೀಕ್ಸೆಯೋರು ಇಲ್ಲಿಗ್ ಬಂದು ಇವಳ್ನ ಕೂರುಸ್ಬೇಕಿತ್ತು.”

ಇದು ಯಾವಾಗ ಬಂತು ಎಂದು ಅವಳನ್ನು ಕೇಳಿದೆ. ಅವಳು ನಮ್ಮ ಕರಾರಿನ ಕಾಗದ ಪ್ರಿಂಟರಿಗೆ ಹಾಕುತ್ತ ಹೇಳಿದಳು.

“ಫೇಲಾದ್ಮೇಲೆ ಇಲ್ಲೇ ಕೂತ್ನಲ್ಲ ಮೇಡಂ. ಹಳೇ ಕೈ ಓಗ್ಬುಟ್ಟಿತ್ತು, ಇದ್ರಲ್ಲೇ ಒಡೀಬೇಕಾಯ್ತು. ಇಲ್ಲಿ ತಾಳ ಎಲ್ಲದೆ? ಮಾವ ಬೇರೆ ಬೈಕತಾನೆ ಇದ್ರು. ಎಡವ್ದೆ, ಎಡವ್ದೆ, ಬಂದ್ಬುಡ್ತು. ಒಂದ್ ಅದಿನೈದ್ ದಿನ ಇಡೀತು ಅಷ್ಟೆಯ.”

ನಾನು ಚಹಾದ ಲೋಟ ಕೆಳಗಿಟ್ಟೆ. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, “ನೀವು ಕಲ್ಸಿದ್ದೇ ಅಲ್ವ ಮೇಡಂ ಇದು” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಹದಿನೈದು ದಿನ. ಅವಳು ಕೇಳಿದಾಗ ನನ್ನ ಕೈಯಲ್ಲಿ ಇಪ್ಪತ್ತೆರಡು ದಿನ ಇದ್ದವು.

ಕರಾರು ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಓದಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಸಹಿ ಹಾಕಿ, ಮಾಲೀಕರನ್ನು ಕಳಿಸಿ, ನೇರವಾಗಿ ತರಗತಿಯ ಕೋಣೆಗೆ ಬಂದೆ. ಸಂಜೆ ಐದು ಗಂಟೆ. ಆ ಹೊತ್ತಿನಲ್ಲಿ ಅಲ್ಲಿ ಪಾಠವಿರುವುದಿಲ್ಲ. ಬೀರುವಿನಲ್ಲಿ ಅವಳ ಹಾಳೆಗಳ ಕಡತ ಹಾಗೇ ಇತ್ತು, ವಾರವಾರ ದಾರ ಕಟ್ಟಿ. ಹನ್ನೊಂದನೆಯ ವಾರದ ಗುರುವಾರದ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಅಂದು ನಾನು ತಪ್ಪುಗಳನ್ನು ಎಣಿಸಿದ್ದೆ, ಓದಿರಲಿಲ್ಲ. ಈಗ ಒಂದೊಂದನ್ನೂ ಓದಿದೆ. ಮೂವತ್ತನಾಲ್ಕು ಕೆಂಪು ಸುತ್ತುಗಳಲ್ಲಿ ಮೂವತ್ತೊಂದು ಒತ್ತಕ್ಷರಗಳ ಮೇಲೆ ಇದ್ದವು. ಎಲ್ಲೆಲ್ಲಿ ನಾನು ಮೇಜಿನ ಅಂಚಿಗೆ ಹೊಡೆಯುತ್ತಿದ್ದೆನೋ ಅಲ್ಲಲ್ಲಿ ಅವಳ ಎಡ ತೋರುಬೆರಳು ಸದ್ದಿಗೆ ಕಾದು ನಿಂತಿತ್ತು. ಉಳಿದ ಕಡೆ ಅವಳು ಸರಿಯಾದ ದಾರಿಯಲ್ಲೇ ಇದ್ದಳು. ನೋಡಿದ್ದರೆ ಅಂದೇ ಕಾಣುತ್ತಿತ್ತು. ಅದನ್ನೇ ಅವಳು ಬಾಯಿ ಬಿಟ್ಟು ಹೇಳಿಯೂ ಹೇಳಿದ್ದಳು.

ಕೆಂಪು ಮಸಿಯ ಪೆನ್ನು ತೆಗೆದುಕೊಂಡೆ. ತಿದ್ದಿದ್ದಕ್ಕೆ ಸಹಿ ಮತ್ತು ತಾರೀಖು ಇರಬೇಕೆಂಬುದು ಹನ್ನೊಂದನೆಯ ನಿಯಮ. ‘ಅಲಕ್ಷ್ಯ’ದ ಮೇಲೆ ಒಂದು ಗೆರೆ ಎಳೆದು, ಕೆಳಗೆ ‘ಇದು ವಿದ್ಯಾರ್ಥಿನಿಯದಲ್ಲ’ ಎಂದು ಬರೆದು ಸಹಿ ಮಾಡಿ, ತಾರೀಖು ಹಾಕಿದೆ. ಹಾಳೆಯನ್ನು ಅದರ ಜಾಗದಲ್ಲೇ ಸೇರಿಸಿ ದಾರ ಕಟ್ಟಿದೆ. ಗೋಡೆಯ ಹಲಗೆ ಇಳಿಸಿ ಒಂಬತ್ತನೆಯ ನಿಯಮವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಣ್ಣ ಹಳೆಯದು, ಪೂರ್ತಿ ಹೋಗಲಿಲ್ಲ. ಆಮೇಲೆ ಟೈಪ್‌ರೈಟರುಗಳಿಗೆ ಎಣ್ಣೆ ಬಿಟ್ಟೆ. ಅಂದು ಎಣ್ಣೆ ಬಿಡುವ ದಿನವಾಗಿತ್ತು.